3 ಲಕ್ಷದೊಳಗೆ ಕ್ಯಾಬಿನ್ ಇರುವ ಹಳೆ ಹಾಯಿದೋಣಿ ತಗೊಳ್ಳಬಹುದಾ?

"ಡೆಕ್‌ಗೆ ಹೊಸ ಪೇಂಟ್ ಹೊಡೆದಿದ್ದಾರೆ, ನೋಡಲು ಚೆನ್ನಾಗಿದೆ" ಎಂದು ಗೋವಾದ ಆ ದೋಣಿ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಓದಿಯೇ ನನ್ನ ಹೊಟ್ಟೆಯಲ್ಲಿ ಒಂಥರಾ ಆಯಿತು. ಮಂಗಳೂರಿನವರು, ಮೊದಲ ಹಾಯಿದೋಣಿ, ಬಜೆಟ್ 3 ಲಕ್ಷ, ಇಬ್ಬರು ಮಲಗುವಷ್ಟು ಕ್ಯಾಬಿನ್ ಬೇಕು, ಗೋವಾದಿಂದ ಲಾರಿಯಲ್ಲಿ ತರಿಸುವ ಅಂದಾಜು, ಫೈಬರ್ ಒಳ್ಳೆಯದಾ ಮರದ್ದಾ ಎಂಬ ಅನುಮಾನ. ಊರು ಒಂದು ಬಿಟ್ಟರೆ ಇದು ಆರು ವರ್ಷದ ಹಿಂದಿನ ನಾನೇ. ನನ್ನದು ಉಡುಪಿ.

ಗೋವಾದಲ್ಲಿ ಐದು ದಿನ ಹಾಯಿ ಕಲಿತು ಬಂದಿದ್ದೆ. ಐದು ದಿನ ಕಲಿತವನಿಗೆ ಇರುವ ಧೈರ್ಯ ಐದು ವರ್ಷ ಕಲಿತವನಿಗೆ ಇರುವುದಿಲ್ಲ. ಅಲ್ಲೇ ಒಬ್ಬರ ಹಿತ್ತಿಲಲ್ಲಿ ಒಂದು ದೋಣಿ ಕಂಡಿತು. 21 ಅಡಿ, ಫೈಬರ್, ಅಡಿಯಲ್ಲಿ ಹತ್ತಿರ ಹತ್ತಿರ ಒಂದು ಮೀಟರ್ ಆಳದ ಕಬ್ಬಿಣದ ಕೀಲ್ (ದೋಣಿ ಮಗುಚದ ಹಾಗೆ ತಳಕ್ಕೆ ಬಿಗಿದ ಭಾರದ ರೆಕ್ಕೆ), ಒಳಗೆ ಎರಡು ಬೆಂಚು, ಒಂದು ಸಣ್ಣ ಸಿಂಕ್. ಆ ಸಿಂಕ್ ನೋಡಿಯೇ ನಾನು ಬಿದ್ದದ್ದು ಅನಿಸುತ್ತದೆ. ಅವರು 2 ಲಕ್ಷ 75 ಸಾವಿರ ಹೇಳಿದರು, 2 ಲಕ್ಷ 40 ಸಾವಿರಕ್ಕೆ ಮುಗಿಯಿತು. ಏಪ್ರಿಲ್ ತಿಂಗಳು. ಕೋಕಂ ಶರಬತ್ತು ಕೊಟ್ಟರು.

ಪರೀಕ್ಷೆ ಮಾಡದೆ ತಗೊಂಡೆ ಅಂದುಕೊಳ್ಳಬೇಡಿ. ಒಂದು ಗಂಟೆ ನೋಡಿದೆ. ಸೆಕೆಂಡ್ ಹ್ಯಾಂಡ್ ಕಾರು ನೋಡುವವರ ಹಾಗೆ ಅಡಿಯಲ್ಲಿ ಅಂಗಾತ ಮಲಗಿ ಮೊಬೈಲ್ ಟಾರ್ಚ್ ಬಿಟ್ಟೆ. ಕೀಲ್ ಒಡಲಿಗೆ ಸೇರುವ ಜಾಗ ನೋಡಿದೆ. ಫೈಬರ್ ಮೇಲೆ ಗುಳ್ಳೆ ಎದ್ದಿದೆಯಾ ನೋಡಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಒಡಲಿಗೆಲ್ಲ ಬಡಿದೆ, ಟಣ್ ಟಣ್ ಎಂದಿತು. ಹಾಯಿ ಬಿಚ್ಚಿ ನೋಡಿದೆ. ಆಮೇಲೆ ಮೇಲೆ ಹತ್ತಿದೆ. ಡೆಕ್, ಅಂದರೆ ದೋಣಿಯ ಮೇಲಿನ ನೆಲ, ತಿಳಿ ಬೂದು ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು, ಕಾಲು ಜಾರದ ಹಾಗೆ ಮರಳು ಬೆರೆಸಿದ ಪೇಂಟ್. ಎರಡು ಹೆಜ್ಜೆ ಹಾಕಿ, ಕ್ಯಾಬಿನ್ ಒಳಗೆ ಇಳಿದು, ಸಿಂಕ್ ನೋಡುತ್ತಾ ನಿಂತೆ.

ಕಾಲಲ್ಲಿ ದಪ್ಪ ಅಡಿಯ ಸ್ಪೋರ್ಟ್ಸ್ ಶೂ ಇತ್ತು. ನನ್ನ ತಪ್ಪು ಇಷ್ಟೇ. ಬರಿಗಾಲಲ್ಲಿ ಹತ್ತಿದ್ದರೆ ಒಂದು ಲಕ್ಷ ಉಳಿಯುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಫೈಬರ್ ದೋಣಿ ಅಂದರೆ ಪೂರ್ತಿ ಫೈಬರ್ ಅಂತ ನಾವು ತಿಳಿದಿರುತ್ತೇವೆ. ಒಡಲು ಹೆಚ್ಚಾಗಿ ಹೌದು. ಡೆಕ್ ಹಾಗಲ್ಲ. ಆ ಕಾಲದ ಎಷ್ಟೋ ದೋಣಿಗಳಲ್ಲಿ ಡೆಕ್ ಒಂದು ಸ್ಯಾಂಡ್‌ವಿಚ್: ಮೇಲೊಂದು ತೆಳು ಫೈಬರ್ ಪದರ, ಕೆಳಗೊಂದು, ನಡುವೆ ಬಾಲ್ಸಾ ಎಂಬ ಹಗುರ ಮರ ಅಥವಾ ಪ್ಲೈವುಡ್. ಹಗುರವೂ ಆಗುತ್ತದೆ, ಬಾಗುವುದೂ ಇಲ್ಲ, ಒಣಗಿರುವ ತನಕ. ಈ ಡೆಕ್‌ಗೆ ಹತ್ತಾರು ಕಡೆ ತೂತು ಕೊರೆದು ರಾಟೆ, ಕೊಕ್ಕೆ, ಹಿಡಿಕೆ ಎಲ್ಲ ಸ್ಕ್ರೂ ಮಾಡಿರುತ್ತಾರೆ. ತೂತಿನ ಸುತ್ತ ಹಾಕಿದ ಸೀಲೆಂಟ್ ಹತ್ತು ಹದಿನೈದು ವರ್ಷದಲ್ಲಿ ಬಿರುಕು ಬಿಡುತ್ತದೆ. ನೀರು ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಇಲ್ಲ. ಮರ ಒಳಗೊಳಗೇ ಕೊಳೆಯುತ್ತದೆ, ಮೇಲಿನ ಪದರ ಏನೂ ಆಗದ ಹಾಗೆ ಇರುತ್ತದೆ. ಹಾಗಾಗಿ ಫೈಬರಾ ಮರವಾ ಎಂಬ ನಿಮ್ಮ ಪ್ರಶ್ನೆಗೆ ಅರ್ಥವೇ ಇಲ್ಲ. ಫೈಬರ್ ದೋಣಿ ತಗೊಂಡರೂ ಕೊಳೆಯುವುದು ಮರವೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಈಗ ಹಾಯಿಕಂಬ. ನನ್ನ ದೋಣಿಯಲ್ಲಿ ಅದು ಡೆಕ್ ಮೇಲೆ ನಿಲ್ಲುವಂಥದ್ದು, ತಳದವರೆಗೆ ಇಳಿಯುವುದಿಲ್ಲ. ಕಂಬ ಅಲ್ಯೂಮಿನಿಯಂ, ಇಬ್ಬರು ಎತ್ತಬಹುದು. ಆದರೆ ಎಡ, ಬಲ, ಮುಂದೆ, ಹಿಂದೆ ಸ್ಟೀಲ್ ತಂತಿ ಎಳೆದು ಬಿಗಿದಾಗ, ಮೇಲೆ ಗಾಳಿಯೂ ತುಂಬಿದಾಗ, ಆ ಕಂಬ ಡೆಕ್ ಅನ್ನು ನೂರಾರು ಕೆಜಿಯಲ್ಲಿ ಕೆಳಗೆ ಒತ್ತುತ್ತದೆ. ಒತ್ತುವುದು ಅಂಗೈ ಅಗಲದ ಜಾಗದ ಮೇಲೆ. ಆ ಜಾಗದ ಒಳಗೆ ಮರ ಕೊಳೆತಿದ್ದರೆ?

ಮೇ ತಿಂಗಳಲ್ಲಿ ಲಾರಿ ಬಂತು. ಬಾಡಿಗೆ, ಎರಡೂ ಕಡೆ ಕ್ರೇನ್ ಸೇರಿ 46 ಸಾವಿರ. ಹಂಗಾರಕಟ್ಟೆ ಹತ್ತಿರ ಪರಿಚಯದವರ ಯಾರ್ಡ್‌ನಲ್ಲಿ ಇಳಿಸಿದೆವು. ಅಲ್ಲಿ ಒಬ್ಬರು ವಯಸ್ಸಾದ ತಾಂಡೇಲರು (ಮೀನುಗಾರಿಕೆ ದೋಣಿ ನಡೆಸುವವರು) ಇದ್ದರು, ನಲವತ್ತು ವರ್ಷ ಕಡಲಿಗೆ ಹೋದವರು. ಬೀಡಿ ಆರಿಸಿ, ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ ಡೆಕ್ ಹತ್ತಿದರು. ಕಂಬದ ಬುಡದ ಹತ್ತಿರ ಹಿಮ್ಮಡಿ ಊರಿ ಒಮ್ಮೆ ಒತ್ತಿದರು. "ಇಲ್ಲಿ ಮೆತ್ತಗೆ ಉಂಟಲ್ಲ ಮಾರಾಯ್ರೆ" ಎಂದರು.

ನಾನು ಏನೆಂದೆ ಗೊತ್ತಾ? "ಹಳೆ ಫೈಬರ್ ಅಲ್ವಾ, ಸ್ವಲ್ಪ ಹಾಗೇ ಇರುತ್ತದೆ." ನಲವತ್ತು ವರ್ಷ ಕಡಲು ಕಂಡವರಿಗೆ ಐದು ದಿನದ ಕೋರ್ಸಿನವನು ಹೇಳಿದ್ದು. ಅವರು ಮತ್ತೆ ಮಾತಾಡಲಿಲ್ಲ, ಇಳಿದು ಬೀಡಿ ಹಚ್ಚಿದರು.

ಆಮೇಲೆ ಮಳೆಗಾಲ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ಮೀನುಗಾರರು ದೋಣಿ ದಡಕ್ಕೆ ಎಳೆದು ತೆಂಗಿನ ಮಡಲಿನ ಚಪ್ಪರ ಹಾಕುವುದು ಸುಮ್ನೆ ಅಲ್ಲ. ನಾನು ಒಂದು ನೀಲಿ ಟಾರ್ಪಾಲ್ ಹಾಕಿದ್ದೆ, ಜುಲೈ ಗಾಳಿಗೆ ಅದು ಹರಿದು ಹೋಯಿತು.

ಅಕ್ಟೋಬರ್‌ನಲ್ಲಿ ಕೋಡಿ ಬೆಂಗ್ರೆ ಒಳಗಿನ ಹೊಳೆಗೆ ಇಳಿಸಿದೆ. ಒಂದೂವರೆ ತಿಂಗಳು ಸ್ವರ್ಗ. ಬೆಳಿಗ್ಗೆ ಮೂಡಣ ಗಾಳಿ ಸಣ್ಣಗೆ, ನಡುವೆ ಎಲೆ ಅಲುಗುವುದಿಲ್ಲ, ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಶುರುವಾದರೆ ಸಂಜೆವರೆಗೆ ಬಿಡುವುದಿಲ್ಲ. ಇಳಿತದಲ್ಲಿ ಮಾತ್ರ ಕೀಲ್ ಕೆಸರಿಗೆ ತಾಗಿ ದೋಣಿ ವಾಲಿಕೊಂಡು ನಿಲ್ಲುತ್ತಿತ್ತು, ದಡದ ಮಕ್ಕಳಿಗೆ ನಗು.

ಡಿಸೆಂಬರ್‌ನಲ್ಲಿ ಕ್ಯಾಬಿನ್ ಬಾಗಿಲು ಹಿಡಿಯತೊಡಗಿತು. ಮೇಲಿನ ಅಂಚು ಚೌಕಟ್ಟಿಗೆ ಉಜ್ಜಿ ಮುಚ್ಚುತ್ತಲೇ ಇರಲಿಲ್ಲ. ಮಳೆಗೆ ಮರ ಉಬ್ಬಿದೆ ಅಂದುಕೊಂಡೆ. ಮಳೆ ನಿಂತು ಎರಡು ತಿಂಗಳಾಗಿತ್ತು, ಆದರೂ ಅಂದುಕೊಂಡೆ. ಬಡಗಿಯನ್ನು ಕರೆದು ಕೀಸುಳಿ ಹಾಕಿಸಿದೆ. ಅಕ್ಕಿ ಕಾಳಿನಷ್ಟು ಕೀಸಿ ಕೊಟ್ಟ, ಬಾಗಿಲು ಸರಿಯಾಯಿತು. ಜನವರಿಯಲ್ಲಿ ಮತ್ತೆ ಹಿಡಿಯಿತು, ಮತ್ತೆ ಕೀಸಿಸಿದೆ. ಅದೇ ಹೊತ್ತಿಗೆ ಎರಡೂ ಬದಿಯ ತಂತಿ ಸಡಿಲವಾಗತೊಡಗಿತು. ತಂತಿ ಜಗ್ಗಿದೆ ಎಂದು ತಿಳಿದು ಕೆಳಗಿನ ಟರ್ನ್‌ಬಕಲ್ (ತಂತಿ ಬಿಗಿ ಮಾಡುವ ತಿರುಪು) ತಿರುಗಿಸಿ ಬಿಗಿ ಮಾಡಿದೆ. ವಾರಕ್ಕೊಮ್ಮೆ ಬಿಗಿ ಮಾಡುವುದು ಅಭ್ಯಾಸವೇ ಆಯಿತು, ಸೈಕಲ್ ಚೈನಿಗೆ ಎಣ್ಣೆ ಬಿಟ್ಟ ಹಾಗೆ.

ಸ್ಟೀಲ್ ತಂತಿ ಹಾಗೆಲ್ಲ ಜಗ್ಗುವುದಿಲ್ಲ. ಕಂಬ ಇಳಿಯುತ್ತಿತ್ತು. ಕೊಳೆತ ಡೆಕ್ ಕುಸಿದಾಗ ಕಂಬ ಕೆಳಗೆ ಬಂತು, ತಂತಿ ಸಡಿಲಾಯಿತು, ಡೆಕ್ ಬಾಗಿಲಿನ ಚೌಕಟ್ಟನ್ನು ಒತ್ತಿತು. ನಾನು ತಂತಿ ಬಿಗಿದಷ್ಟೂ ಕಂಬವನ್ನು ನಾನೇ ಇನ್ನೂ ಕೆಳಗೆ ತಳ್ಳುತ್ತಿದ್ದೆ. ಕಾಯಿಲೆಗೆ ಕೊಟ್ಟ ಮದ್ದೇ ಕಾಯಿಲೆ ಜಾಸ್ತಿ ಮಾಡುತ್ತಿತ್ತು. ಬಾಗಿಲು, ತಂತಿ, ತಾಂಡೇಲರ ಹಿಮ್ಮಡಿ, ಮೂರೂ ಹೇಳಿದ್ದು ಒಂದೇ ಮಾತು. ನನಗೆ ಮೂರು ಬೇರೆ ಬೇರೆ ಸಣ್ಣ ತೊಂದರೆಯಾಗಿ ಕಂಡವು.

ಫೆಬ್ರವರಿ ಒಂದು ಭಾನುವಾರ ಗಾಳಿ ಜೋರಿತ್ತು. ದೋಣಿ ತಿರುಗಿಸುವಾಗ ಕಾಲಡಿಯಲ್ಲಿ ಒಣ ತೆಂಗಿನ ಗೆರಟೆ ಮೆಟ್ಟಿದಂಥ ಸದ್ದು ಬಂತು. ಕಂಬದ ಬುಡ ಎರಡು ಇಂಚು ಕೆಳಗೆ ಹೋಗಿತ್ತು, ಬೂದು ಪೇಂಟ್ ಸುತ್ತಲೂ ಬಿರಿದಿತ್ತು. ಹಾಯಿ ಇಳಿಸಿ, ಒಂದು ಪಾತಿದೋಣಿಯವರಿಗೆ ಕೈ ಬೀಸಿ, ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ. ಹೊಳೆಯಲ್ಲೇ ಇದ್ದದ್ದು ಪುಣ್ಯ. ಅಳಿವೆ ದಾಟಿ ಕಡಲಿಗೆ ಹೋಗಿದ್ದರೆ ಈ ಉತ್ತರ ಬರೆಯುವವರು ಬೇರೆ ಇರುತ್ತಿದ್ದರು.

ಡೆಕ್ ಬಿಚ್ಚಿದ್ದು ಮಲ್ಪೆಯಲ್ಲಿ ಫೈಬರ್ ದೋಣಿ ಕೆಲಸ ಮಾಡುವ ಇಬ್ಬರು ಹುಡುಗರು. ಗ್ರೈಂಡರ್‌ನಲ್ಲಿ ಮೇಲಿನ ಪದರ ಚೌಕಾಕಾರ ಕೊಯ್ದು ಎತ್ತಿದರು. ಒಳಗಿನ ಮರ ಚಹಾದಲ್ಲಿ ಮರೆತುಬಿಟ್ಟ ರಸ್ಕಿನ ಹಾಗಿತ್ತು, ಹಿಂಡಿದರೆ ಕಂದು ನೀರು. ಚಮಚದಲ್ಲಿ ಕೆರೆದು ತೆಗೆದರು. ಒಣಗಿಸಲು ಹತ್ತು ದಿನ, ಹಾಯಿಕಂಬದ ಅಡಿಗೆ ಗಟ್ಟಿ ಫೈಬರ್ ತುಂಡು, ಅದರ ಕೆಳಗೆ ಕ್ಯಾಬಿನ್ ಒಳಗೆ ಆಧಾರಕ್ಕೆ ಇನ್ನೊಂದು ಕಂಬ, ಮೇಲೆ ಎಪಾಕ್ಸಿ ಎಂಬ ಗಟ್ಟಿ ಅಂಟು. ಅವರು ದಿನಾ ಬಳಸುವ ಪಾಲಿಯೆಸ್ಟರ್ ರೆಸಿನ್ ಹಾಕಲು ಹೊರಟಿದ್ದರು. ಹೊಸ ದೋಣಿಗೆ ಅದು ಸರಿ, ಹಳೆ ಫೈಬರ್ ಮೇಲೆ ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಇದೊಂದು ಮಾತ್ರ ನಾನು ಮೊದಲೇ ಓದಿಕೊಂಡಿದ್ದೆ. ಒಟ್ಟು 1 ಲಕ್ಷ 5 ಸಾವಿರ. ಮನೆಯಲ್ಲಿ 60 ಸಾವಿರ ಎಂದು ಹೇಳಿದ್ದೇನೆ.

ಇನ್ನು ನಿಮ್ಮ ವಿಷಯ. ಕ್ಯಾಬಿನ್ ಬಿಟ್ಟುಬಿಡಿ. ನೀವು ಕೇಳಿದ್ದು ಯಾವ ಕ್ಯಾಬಿನ್ ದೋಣಿ ಎಂದು, ನಾನು ಹೇಳುವುದು ಯಾವುದೂ ಬೇಡ ಎಂದು. ಕ್ಯಾಬಿನ್ ಇದ್ದರೆ ಹೆಚ್ಚಾಗಿ ಕೀಲ್, ಕೀಲ್ ಇದ್ದರೆ ಆಳದ ನೀರು, ಕ್ರೇನ್, ಕಾವಲು, ಮಳೆಗಾಲಕ್ಕೆ ಯಾರ್ಡ್ ಬಾಡಿಗೆ. ನಾನು ಆ ಕ್ಯಾಬಿನ್‌ನಲ್ಲಿ ಮಲಗಿದ್ದು ಎರಡು ರಾತ್ರಿ. ಸೆಕೆ ಮತ್ತು ಸೊಳ್ಳೆ. ಸಿಂಕ್‌ನಲ್ಲಿ ಒಮ್ಮೆ ಮಾವಿನಹಣ್ಣು ತೊಳೆದಿದ್ದೆ.

ಲೇಸರ್ ಎಂಬ ಕ್ಯಾಬಿನ್ ಇಲ್ಲದ ಸಣ್ಣ ಹಾಯಿದೋಣಿ ತಗೊಳ್ಳಿ. ಈಗ ಇಲ್ಕಾ ಎಂದು ಹೆಸರು ಬದಲಾಗಿದೆ, ದೋಣಿ ಅದೇ. 4.23 ಮೀಟರ್ ಉದ್ದ, ಒಡಲು ಸುಮಾರು 59 ಕೆಜಿ, ಒಬ್ಬರು ಓಡಿಸುವಂಥದ್ದು. ಕಂಬಕ್ಕೆ ತಂತಿಯೇ ಇಲ್ಲ, ಎರಡು ತುಂಡು ಕೊಳವೆ ಜೋಡಿಸಿ ತೂತಿಗೆ ಇಳಿಸಿದರೆ ಮುಗಿಯಿತು. 1996ರಿಂದ ಒಲಿಂಪಿಕ್ಸ್‌ನಲ್ಲಿದೆ. ಭಾರತದ ಹಾಯಿ ಸ್ಪರ್ಧಿ ನೇತ್ರಾ ಕುಮನನ್ ಟೋಕಿಯೋ ಒಲಿಂಪಿಕ್ಸ್‌ಗೆ ಹೋದದ್ದು ಇದರದ್ದೇ ರೇಡಿಯಲ್ ಎಂಬ ಸಣ್ಣ ಹಾಯಿಯಲ್ಲಿ. ನಿಮ್ಮ ತೂಕ ಕಡಿಮೆ ಇದ್ದರೆ ನಿಮಗೂ ಆ ಹಾಯಿಯೇ ಸರಿ. ಮಗುಚಿದರೆ ನೀವೇ ನೆಟ್ಟಗೆ ಮಾಡಬಹುದು, ಮಗುಚುತ್ತದೆ ಕೂಡ. ನನ್ನದು ಮೂರು ವರ್ಷ ಹಿಂದೆ 95 ಸಾವಿರಕ್ಕೆ ಸಿಕ್ಕಿತು. ಈಗ ಬಾವಿಕಟ್ಟೆ ಪಕ್ಕ ಬೋರಲಾಗಿ ಮಲಗಿದೆ, ಮಳೆ ಬಂದರೆ ಬರಲಿ.

ನೋಡಲು ಹೋಗುವಾಗ ಎರಡು ಲೀಟರ್ ನೀರು ಒಯ್ಯಿರಿ. ಕಂಬ ಇಳಿಸುವ ತೂತಿಗೆ ನೀರು ತುಂಬಿ, ಮಟ್ಟಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಅವರ ಜೊತೆ ಕಾಲು ಗಂಟೆ ಹರಟೆ ಹೊಡೆಯಿರಿ. ನೀರು ಇಳಿದಿದ್ದರೆ ಆ ತೂತಿನ ತಳ ಬಿರಿದಿದೆ, ನೀರು ಒಡಲೊಳಗೆ ಹೋಗುತ್ತಿದೆ. ಬಂದ ದಾರಿಯಲ್ಲೇ ವಾಪಸ್. ದೋಣಿಯ ಹಿಂಭಾಗದ ಬಿರಡೆ ಬಿಚ್ಚಿ, ದೋಣಿ ವಾಲಿಸಿ, ನೀರು ಸುರಿಯುತ್ತದಾ ನೋಡಿ. ಹಾಯಿ ಮುಟ್ಟಿ ನೋಡಿ: ಗಂಜಿ ಹಾಕಿದ ಪಂಚೆಯ ಹಾಗೆ ಸದ್ದು ಮಾಡಬೇಕು, ಹಳೆ ಲುಂಗಿಯ ಹಾಗಿದ್ದರೆ ಗಾಳಿಗೆ ಎದುರು ಹೋಗುವುದಿಲ್ಲ. ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ, ಬಿಸಿಲಿಗೆ ಸತ್ತ ನೂಲು ಪಟಪಟ ಬಿಡುತ್ತದೆ. ಹಗ್ಗ ಹಾಳಾಗಿದ್ದರೆ ಚಿಂತೆ ಬೇಡ, ಆದರೆ ಬಂದರಿನ ಬಲೆ ಅಂಗಡಿಯ ನೈಲಾನ್ ಹಗ್ಗ ಹಾಕಬೇಡಿ. ಅದು ಜಗ್ಗುತ್ತದೆ. ಪಾಲಿಯೆಸ್ಟರ್ ಕೇಳಿ.

ಏಪ್ರಿಲ್ ಮೇ ತಿಂಗಳಲ್ಲಿ ರೇಟು ಕಡಿಮೆ ಸಿಗುತ್ತದೆ, ಮಳೆಗಾಲಕ್ಕೆ ಇಡುವ ಕಷ್ಟ ಯಾರಿಗೂ ಬೇಡ. ಆದರೂ ನಾನಾದರೆ ಸೆಪ್ಟೆಂಬರ್ ಕೊನೆಗೆ ನೋಡುತ್ತೇನೆ. ನಾಲ್ಕು ತಿಂಗಳು ನೆನೆದ ದೋಣಿ ಸುಳ್ಳು ಹೇಳುವುದಿಲ್ಲ. ಮೊದಲ ವರ್ಷ ಅಳಿವೆ ಕಡೆ ತಲೆ ಹಾಕಬೇಡಿ. ಅಳಿವೆ ಬಾಯಿಯಲ್ಲಿ ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಂದ ಪಡುವಣ ಗಾಳಿ ಬಂದರೆ ತೆರೆ ಎದ್ದು ನಿಲ್ಲುತ್ತದೆ, ಜೊತೆಗೆ ಟ್ರಾಲರ್‌ಗಳ ಓಡಾಟ. ಮುಲ್ಕಿಯ ಶಾಂಭವಿ ಹೊಳೆಯಲ್ಲಿ ಕಲಿಯಿರಿ. ಕಂಬ ನಿಲ್ಲಿಸುವ ಮೊದಲು ತಲೆ ಎತ್ತಿ ಕರೆಂಟ್ ತಂತಿ ಇದೆಯಾ ನೋಡಿ, ಅಲ್ಯೂಮಿನಿಯಂ ಕಂಬ ತಾಗಿದರೆ ಮತ್ತೆ ಹೇಳಲು ಏನೂ ಇರುವುದಿಲ್ಲ.

ಇಷ್ಟೆಲ್ಲ ಕೇಳಿಯೂ ನೀವು ಆ ಗೋವಾದ ದೋಣಿ ನೋಡಲು ಹೋಗುತ್ತೀರಿ ಎಂದು ಗೊತ್ತು, ನಾನೂ ಹೋಗುತ್ತಿದ್ದೆ. ಹೊರಡುವ ಮೊದಲು ಫೋನಿನಲ್ಲಿ ಒಂದು ಕೇಳಿ: ಡೆಕ್‌ಗೆ ಪೇಂಟ್ ಹೊಡೆದದ್ದು ಯಾವಾಗ, ಒಡಲಿಗೆ ಹೊಡೆಯದೆ ಡೆಕ್‌ಗೆ ಮಾತ್ರ ಯಾಕೆ? ಅಲ್ಲಿ ಹೋದ ಮೇಲೆ ಚಪ್ಪಲಿ ಕೆಳಗೆ ಬಿಟ್ಟು ಹತ್ತಿ. ಮೊದಲು ಕಂಬದ ಬುಡಕ್ಕೆ ಹೋಗಿ ಹಿಮ್ಮಡಿ ಊರಿ ನಿಲ್ಲಿ. ಆಮೇಲೆ ಕ್ಯಾಬಿನ್ ಬಾಗಿಲು ಮುಚ್ಚಿ ತೆಗೆದು ನೋಡಿ, ಮೇಲಿನ ಅಂಚಿನಲ್ಲಿ ಯಾರಾದರೂ ಕೀಸಿದ ಗುರುತು ಇದೆಯಾ ಎಂದು.