ಜಾಲರಿ ವರಾಂಡ: ಚೌಕಟ್ಟಿಗಿಂತ ಮೊದಲು ಗೋಡೆ ನೋಡಿ

ಮಡಗಾಂವ್‌ನ ಹಳೇ ಮನೆಯ ಹಿಂದಿನ ವರಾಂಡದಲ್ಲಿ ಜಾಲರಿ ತುಕ್ಕು ಹಿಡಿದಿದೆ, ಮರದ ಚೌಕಟ್ಟಿನ ಬುಡ ಕೊಳೆತಿದೆ, ಎಲ್ಲ ಕಿತ್ತು ಅಲ್ಯೂಮಿನಿಯಂ ಹಾಕಿಸಿ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಲಾ ಅಂತ ಕೇಳಿದ್ದೀರಿ. ಅಲ್ಯೂಮಿನಿಯಂ ನಿಮ್ಮಿಷ್ಟ. ಸಿಮೆಂಟ್ ಮಾತ್ರ ಬೇಡ.

ಗೋವಾದ ಹಳೇ ಮನೆಗಳ ಗೋಡೆ ಹೆಚ್ಚಾಗಿ ಮುರಕಲ್ಲಿನದು, ಅಂದರೆ ಸಣ್ಣ ರಂಧ್ರಗಳಿರುವ ಕೆಂಪು ಕಲ್ಲಿನದು. ಅದು ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣದ ಗಿಲಾವಿನಲ್ಲಿ ಆ ತೇವ ಹೊರಗೆ ಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ತಡೆಯುತ್ತದೆ. ಆಮೇಲೆ ಗಿಲಾವು ಹಪ್ಪಳದ ಹಾಗೆ ಉಬ್ಬಿ ಬರುತ್ತದೆ, ಪಕ್ಕದ ಮರವೂ ಹಾಳಾಗುತ್ತದೆ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸುಲಭಕ್ಕೆ ಸಿಗುವುದಿಲ್ಲ, ನಿಜ. ಆದರೂ ಹುಡುಕಿ.

ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬುಡ ಮಾತ್ರ ಮೆತ್ತಗಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ತೇಗದ ತುಂಡು ಕೂಡಿಸಿದರೆ ಸಾಕು. ಹಳೇ ಮರ ಸುಮ್ನೆ ಎಸೆಯಬೇಡಿ, ಈಗ ಅಂಥದ್ದು ಸಿಗುವುದು ಕಷ್ಟ. ಚೌಕಟ್ಟು ನೇರ ನೆಲದ ಮೇಲೆ ಕೂರಬಾರದು. ಕೆಳಗೆ ಹೊರಗಡೆಗೆ ಇಳಿಜಾರಿರುವ ಕಲ್ಲಿನ ಪಟ್ಟಿ ಹಾಕಿಸಿ.

ಜಾಲರಿಗೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಸಮುದ್ರ ಹತ್ತಿರವಿದ್ದರೆ 304ರ ಬದಲು 316 ದರ್ಜೆ ಕೇಳಿ. ಅದರಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪುಗಾಳಿ ಜಾಸ್ತಿ ತಡೆಯುತ್ತದೆ. ಫೈಬರ್ ಜಾಲರಿ ಅಗ್ಗ, ತುಕ್ಕೂ ಹಿಡಿಯುವುದಿಲ್ಲ, ಆದರೆ ಮನೆಯಲ್ಲಿ ಬೆಕ್ಕಿದ್ದರೆ ಮುಗಿಯಿತು ಅಲ್ವಾ! ಮೊಳೆ ಬೇಡ, ಸ್ಕ್ರೂ ಹಾಕಿದ ಮರದ ಪಟ್ಟಿಯಲ್ಲಿ ಬಿಗಿಸಿ. ಮುಂದೆ ಬಿಚ್ಚಿ ತೊಳೆಯಬಹುದು.

ಹೆಂಚು ಸೋರುತ್ತಿದ್ದರೆ, ಅದನ್ನು ಹೊತ್ತ ಮರದ ಪಕ್ಕಾಸು ಹಾಳಾಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಕೆಲಸ ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಅಷ್ಟರಲ್ಲಿ ಗೋಡೆ ಸ್ವಲ್ಪ ಒಣಗಿರುತ್ತದೆ.