ಅಜ್ಜಿ "ಯಾರಿಗೂ ಹೇಳ್ಬೇಡ" ಎಂದರೆ

ಪ್ರಶ್ನೆ: ನಾನು ಅಂಚೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ತಿಂಗಳಿಗೆರಡು ಸಲ ಇಲ್ಲಿನ ಒಂದು ವೃದ್ಧಾಶ್ರಮಕ್ಕೆ ಹಣ್ಣು ಹಿಡಿದುಕೊಂಡು ಹೋಗಿ ಮಾತಾಡಿಸಿ ಬರುತ್ತೇನೆ. ಮೊನ್ನೆ ಒಬ್ಬರು ಅಜ್ಜಿ ಕೈ ಹಿಡಿದು, "ನಾಲ್ಕು ಗಂಟೆಗೇ ಎಬ್ಬಿಸಿ ತಣ್ಣೀರು ಹೊಯ್ತಾರೆ ಮಗಾ, ಯಾರಿಗೂ ಹೇಳ್ಬೇಡ" ಎಂದರು. ಹೇಳಲೇ, ಬಿಡಲೇ? ಅಮೆರಿಕದಲ್ಲಿ ಇಂಥದ್ದಕ್ಕೆಂದೇ ಸ್ವಯಂಸೇವಕರಿದ್ದಾರೆ ಎಂದು ಅಲ್ಲಿರುವ ಮಗಳು ಹೇಳುತ್ತಾಳೆ. ನಮ್ಮಂಥವರಿಗೆ ಇಲ್ಲಿ ಏನು ಅಧಿಕಾರ?
– ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ಈಗಲೇ ಹೇಳಬೇಡಿ. ಹಾಗೆಂದು ಬಿಡಲೂಬೇಡಿ.

ನಾನು ದಾದಿಯಾಗಿ ದುಡಿದವಳು. ನಿವೃತ್ತಿಯ ನಂತರ ಮಂಗಳೂರಿನ ಒಂದು ಆಶ್ರಮಕ್ಕೆ ಪ್ರತಿ ಗುರುವಾರ ಹೋಗುತ್ತಿದ್ದೇನೆ. ಮೊದಲ ವರ್ಷ ಅಲ್ಲಿ ಒಬ್ಬರು ಅಮ್ಮ ರಾತ್ರಿ ಎರಡು ತುತ್ತಿಗೇ ಬಟ್ಟಲು ದೂಡುತ್ತಿದ್ದರು. ಪುಸ್ತಕದಲ್ಲಿ "ಹಸಿವಿಲ್ಲ" ಎಂದು ಬರೆದಿತ್ತು. ಕೇಳಿದರೆ, "ಈ ಬೆಳ್ತಿಗೆ ಅನ್ನ ಗಂಟಲಲ್ಲಿ ಇಳಿಯುದಿಲ್ಲ" ಅಂದರು. ಬೆಳ್ತಿಗೆ ಎಂದರೆ ಬಿಳಿ ಅಕ್ಕಿ. ಅವರದ್ದು ಹುಟ್ಟಿದಲ್ಲಿಂದ ಕುಚ್ಚಲಕ್ಕಿ ಗಂಜಿ ಉಂಡ ಜೀವ. ನಾನು ನೇರ ಆಫೀಸಿಗೆ ಹೋಗಿ ಜೋರು ಮಾಡಿದೆ. ಮರುವಾರ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು. "ನೀವು ಹೇಳಿ ಹೋದಿರಿ, ಬೈಗುಳ ತಿಂದದ್ದು ನಾನು."

ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ. ನಾವು ಸಂಜೆ ಮನೆಗೆ ಬರುತ್ತೇವೆ. ಅವರು ಅಲ್ಲೇ, ಅದೇ ಕೈಗಳಿಂದ ನೀರು ಕುಡಿಯಬೇಕು.

ಎರಡು ತಿಂಗಳು ಸುಮ್ಮನೆ ಹತ್ತಿರ ಕೂತೆ. ಆಮೇಲೆ ಒಂದು ದಿನ ಅವರೇ, "ನಾನೇ ಹೇಳ್ತೇನೆ, ನೀವು ಜೊತೆಗೆ ಬನ್ನಿ" ಅಂದರು. ಗಾಲಿಕುರ್ಚಿ ತಳ್ಳಿಕೊಂಡು ಆಫೀಸಿಗೆ ಹೋದೆವು. ತುಳುವಿನಲ್ಲಿ "ಎಂಕ್ ಗಂಜಿ ಬೋಡು" (ನನಗೆ ಗಂಜಿ ಬೇಕು) ಎಂದರು, ಅಷ್ಟೆ. ಅಡುಗೆಯವನು ಒಡಿಶಾದ ಹುಡುಗ, ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕೆಂದೇ ಅವನಿಗೆ ತಿಳಿದಿರಲಿಲ್ಲ. ಮುಂದಿನ ವಾರ ನಾನು ರಾತ್ರಿ ಊಟಕ್ಕೆ ನಿಂತೆ. ಉಪ್ಪಿನಕಾಯಿಯ ಎಣ್ಣೆ ತಿಳಿಯ ಮೇಲೆ ಕೆಂಪಗೆ ಹರಡಿತ್ತು. ಅವರು ಚಮಚ ಬದಿಗಿಟ್ಟು ಬಟ್ಟಲನ್ನೇ ಎತ್ತಿ ಕುಡಿದರು.

ನಿಮ್ಮ ಮಗಳು ಹೇಳಿದ್ದು ನಿಜ. ಇಂಥ ಕಡೆ ಇರುವವರ ದೂರು ಕೇಳಿ ಅವರ ಪರವಾಗಿ ಮಾತಾಡುವವರನ್ನು ಅಲ್ಲಿ ಓಂಬುಡ್ಸ್‌ಮನ್ ಎನ್ನುತ್ತಾರೆ, ಪ್ರತಿ ರಾಜ್ಯದಲ್ಲೂ ಇರಲೇಬೇಕೆಂದು 1978ರಲ್ಲಿ ಕಾನೂನಾಯಿತು. ತರಬೇತಿ ಪಡೆದ ಸ್ವಯಂಸೇವಕರು ನರ್ಸಿಂಗ್ ಹೋಮ್‌ಗಳಿಗೆ ಹೋಗುತ್ತಾರೆ. ಅವರಿಗೂ ಮೊದಲ ಪಾಠ ಇದೇ: ದೂರು ಅಲ್ಲಿರುವವರದ್ದು, ಅವರ ಒಪ್ಪಿಗೆಯಿಲ್ಲದೆ ಹೆಸರು ಹೊರಗೆ ಬರಬಾರದು.

ನಮಗೆ ಆ ಹುದ್ದೆಯಿಲ್ಲ, ದಾರಿಗಳುಂಟು. ಹೊಡೆತ, ಉಪವಾಸ, ಬೀಗ ಹಾಕಿ ಕೂಡಿಹಾಕುವುದು ಕಂಡರೆ ತಡ ಮಾಡದೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಕಾನೂನು ಸಲಹೆ ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಂಟು. ಮಾತಾಡುತ್ತಾ ಹೋದಂತೆ ಎಷ್ಟೋ ಸಲ ಮನೆಯ ಸಂಕಟವೂ ಹೊರಬರುತ್ತದೆ: ಮಕ್ಕಳು ಖರ್ಚಿಗೆ ಕೊಡುವುದಿಲ್ಲ, ನೋಡಿಕೊಳ್ಳುತ್ತೇವೆಂದು ಮನೆ ಬರೆಸಿಕೊಂಡು ಕೈಬಿಟ್ಟರು. ಅದಕ್ಕೆ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಿದೆ. ಅರ್ಜಿ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಗೆ, ನಿಮ್ಮ ಜಿಲ್ಲೆಯವರಿಗೆ ಅದು ಕುಂದಾಪುರದಲ್ಲಿ. ಓಡಾಡಲಾಗದವರು ಅಧಿಕಾರ ಬರೆದುಕೊಟ್ಟರೆ ಅವರ ಪರವಾಗಿ ನೀವೇ ಅರ್ಜಿ ಹಾಕಬಹುದು.

ಇನ್ನು ನಿಮ್ಮ ಅಜ್ಜಿ. ನಾನು ನೋಡಿದ ಕಡೆ ನಾಲ್ಕರ ಸ್ನಾನಕ್ಕೆ ಕಾರಣ, ರಾತ್ರಿ ಪಾಳಿಗೆ ಒಬ್ಬಳೇ ಹುಡುಗಿ, ಆರಕ್ಕೆ ಪಾಳಿ ಬದಲಾಗುವುದರೊಳಗೆ ಇಪ್ಪತ್ತು ಜನರ ಮೈ ತೊಳೆದಿರಬೇಕು. ಅವಳನ್ನು ಬೈದರೆ ಏನೂ ಬದಲಾಗುವುದಿಲ್ಲ. ಈ ಸಲ ಹಣ್ಣಿನ ಚೀಲ ಬೇಡ, ಬರಿಗೈಯಲ್ಲಿ ಹೋಗಿ ಅಜ್ಜಿಯ ಹತ್ತಿರ ಅರ್ಧ ಗಂಟೆ ಕೂತುಕೊಳ್ಳಿ. "ನಿಮಗೆ ಎಷ್ಟು ಗಂಟೆಗೆ ಮೀಯಬೇಕು? ನಾನು ಹೇಳಲಾ, ನೀವು ಹೇಳ್ತೀರಾ, ಈಗ ಬೇಡವಾ?" ಎಂದು ಕೇಳಿ. ಬೇಡ ಎಂದರೆ ಅಂದಿಗೆ ಬೇಡ. ರಾತ್ರಿ ಪಾಳಿಯ ಹುಡುಗಿ ಬರುವವರೆಗೆ ನಿಂತು ಅವಳನ್ನೂ ಮಾತಾಡಿಸಿ. ಗೀಸರ್ ಸರಿ ಉಂಟಾ ಎಂದು ಕೇಳುವುದರಿಂದ ಶುರು ಮಾಡಿ.