ಕೋಡ್ ಮುಂದೆ ಓಡುತ್ತದೆ, ಅದನ್ನು ಬಳಸೋದು ಹೇಗೆ ಅಂತ ಹೇಳುವ ರೀಡ್‌ಮೀ ಫೈಲ್ ಹಿಂದೆ ಉಳಿಯುತ್ತದೆ. ಏನು ಮಾಡೋದು?

ಹಾಸನದಲ್ಲಿ ಓದುತ್ತಾ ಗೂಗಲ್ ಸಮ್ಮರ್ ಆಫ್ ಕೋಡ್ (ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್‌ಗೆ ಮೆಂಟರ್ ಮಾರ್ಗದರ್ಶನದಲ್ಲಿ ಕೋಡ್ ಬರೆಯುವ ಗೂಗಲ್ ಕಾರ್ಯಕ್ರಮ) ಮಾಡುತ್ತಿದ್ದೀರಿ, ಡಾಕ್ಯುಮೆಂಟೇಶನ್ ಕೊನೇ ವಾರ ಬರೆದರೆ ಸಾಕಾ ಎಂದು ಕೇಳಿದ್ದೀರಿ. ಸಾಕಾಗಲ್ಲ. ಕೋಡಿಂಗ್‌ಗೆ ಸಾಮಾನ್ಯವಾಗಿ 12 ವಾರ ಸಿಗುತ್ತದೆ, ಕೊನೇ ವಾರ ಬಗ್‌ಗಳೇ ತಲೆ ತಿನ್ನುತ್ತವೆ.

ಕೋಡ್ ಬದಲಿಸುವ ಪುಲ್ ರಿಕ್ವೆಸ್ಟ್‌ನಲ್ಲೇ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅಂತ ಪ್ರಾಜೆಕ್ಟ್‌ಗೆ ಕಳಿಸುವ ಕೋರಿಕೆ) ಅದರ ಡಾಕ್ಯುಮೆಂಟನ್ನೂ ತಿದ್ದಿ. "ಆಮೇಲೆ ಬರೀತೀನಿ" ಅಂದದ್ದು ಯಾವತ್ತೂ ಬರೆದಾಗಲ್ಲ. ನಾನೇ ಒಮ್ಮೆ, ಬ್ರೌಸರ್‌ನಲ್ಲಿ ಪ್ರೋಗ್ರಾಂ ತೆರೆಯಲು ವಿಳಾಸದ ಜೊತೆ ಕೊಡುವ ಪೋರ್ಟ್ ನಂಬರ್ 5000ದಿಂದ 8080 ಮಾಡಿ ರೀಡ್‌ಮೀ ಮುಟ್ಟದೆ ಬಿಟ್ಟಿದ್ದೆ. ಚಿಕ್ಕಮಗಳೂರಿನ ಜೂನಿಯರ್ ಒಬ್ಬ ರೀಡ್‌ಮೀ ನಂಬಿಕೊಂಡು ಇಡೀ ಸಂಜೆ ಖಾಲಿ ಪೇಜ್ ನೋಡುತ್ತಾ ಕೂತಿದ್ದ, ಪಾಪ. ಹೊರಗೆ ಜುಲೈ ಮಳೆ, ನೆಟ್ ಬೇರೆ ಹೋಗಿ ಬಂದು ಮಾಡುತ್ತಿತ್ತು. ತಪ್ಪು ತನ್ನದೇ ಅಂದುಕೊಂಡಿದ್ದ!

ಆಮೇಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಎರಡು ವಾರಕ್ಕೊಮ್ಮೆ ಪ್ರಾಜೆಕ್ಟ್ ಗೊತ್ತಿಲ್ಲದ ಗೆಳೆಯನಿಗೆ ಲ್ಯಾಪ್‌ಟಾಪ್ ಕೊಡುವುದು. ಹೊಸದಾಗಿ ಕ್ಲೋನ್ ಮಾಡಿ (ಕೋಡ್‌ನ ಪೂರ್ತಿ ಪ್ರತಿ ಇಳಿಸಿಕೊಂಡು), ರೀಡ್‌ಮೀ ನೋಡಿಕೊಂಡೇ ಅವನು ಪ್ರೋಗ್ರಾಂ ನಡೆಸಬೇಕು. ನೀವು ಪಕ್ಕದಲ್ಲಿ ಸುಮ್ನೆ ಕೂರಬೇಕು. ಬಾಯಿ ಬಿಡಬೇಕು ಅನ್ನಿಸಿದ ಜಾಗದಲ್ಲೇ ಒಂದು ಸಾಲು ಕಮ್ಮಿ ಇದೆ ಅಂತ ಅರ್ಥ.

ಕೋಡ್ ಬರೆಯುವ ಭಾಷೆ ಪೈಥಾನ್ ಆದರೆ ಅದರಲ್ಲೇ ಇರುವ ಡಾಕ್‌ಟೆಸ್ಟ್ ಎಂಬ ಪರೀಕ್ಷಾ ಸಾಧನ ಬಳಸಿ. ಡಾಕ್ಯುಮೆಂಟಿನಲ್ಲಿರುವ ಉದಾಹರಣೆಗಳನ್ನು ಅದೇ ಓಡಿಸಿ, ಉತ್ತರ ತಾಳೆಯಾಗದಿದ್ದರೆ ಹೇಳುತ್ತದೆ.

ಕೊನೆಯಲ್ಲಿ ಗೂಗಲ್‌ಗೆ ಕೊಡುವ ಕೆಲಸದ ವರದಿ ಬೇರೆ. ಏನು ಮಾಡಿದಿರಿ, ಏನು ಬಾಕಿ ಇದೆ ಅನ್ನುವುದು ಅದರಲ್ಲಿರಬೇಕು. ಮೆಂಟರ್‌ಗೆ ವಾರವಾರ ಕಳಿಸಿದ ಟಿಪ್ಪಣಿ ಎತ್ತಿಟ್ಟಿದ್ದರೆ ಅದು ಅರ್ಧ ದಿನದ ಕೆಲಸ.